‘ಚೆನ್ನಾಗಿತ್ತು’ ಅಂದರೆ ಸಾಲದು

“ಚೆನ್ನಾಗಿತ್ತು ಅಂದ್ಬಿಟ್ರೆ ಆಯ್ತಾ ಸ್ವಾಮಿ? ಊಟಾನೂ ಚೆನ್ನಾಗಿರತ್ತೆ, ಹಾಸಿಗೇನೂ ಚೆನ್ನಾಗಿರತ್ತೆ. ಅಷ್ಟು ದೂರದಿಂದ ಬಂದು ನಮ್ಮ ಬಣ್ಣಬಣ್ಣದ ಮಣ್ಣಿನ ಗುಡ್ಡ ನೋಡಿದೀರಿ, ಯಾವ ಥರ ಚೆನ್ನಾಗಿತ್ತು ಹೇಳಿ. ಕೆಂಪು ಅಂದ್ರೆ ಎಂಥ ಕೆಂಪು? ಬಸ್ಸು ಎಲ್ಲಿ ಹೋಗತ್ತೆ, ಡ್ರೈವರ್ ಇನ್ನೂ ನಮ್ಮ ಅಡುಗೆಮನೇಲಿ ಚಹಾ ಕುಡೀತಿದಾನೆ!” ಹೀಗೆ ಬಾಗಿಲಿಗೆ ಅಡ್ಡ ನಿಂತು, ಹೊರಟ ಅತಿಥಿಯ ಚೀಲವನ್ನು ಕಂಕುಳಲ್ಲಿ ಒತ್ತೆಯಿಟ್ಟುಕೊಳ್ಳುವವರು ಬೆಟ್ಟದೂರಿನ ವಸತಿಗೃಹದ ಯಜಮಾನರು. ನಸುಕಿನಲ್ಲೇ ಕದ ಬಡಿದು “ಏಳಿ, ಗುಡ್ಡ ಎದ್ದಾಯ್ತು” ಎನ್ನುವರು; ಮೋಡ ಕವಿದರೆ ಮಗಳ ಮದುವೆ ಮುರಿದುಬಿದ್ದವರ ಹಾಗೆ ಮುಖ ಸಣ್ಣ ಮಾಡುವರು. ಫೋಟೋ ತೋರಿಸಲು ಹೋದವರನ್ನು “ಅದು ಬೇಡ, ಬಾಯಲ್ಲಿ ಹೇಳಿ” ಎಂದು ಗದರುವರು. ಇವರಿಗೆ ತಲೆ ಕೆಟ್ಟಿದೆ ಎಂದುಕೊಂಡು ಹೋದವರೇ ಹೆಚ್ಚು. ಹಿತ್ತಲಲ್ಲಿ ಇವರ ತಾಯಿ ಕಾದು ಕೂತಿರುವುದು ಅವರಿಗೇನು ಗೊತ್ತು? ಕಣ್ಣು ಹೋದ ಮೇಲೆ ಮುದುಕಿ ಗುಡ್ಡ ನೋಡುವುದು ಮಗನ ಮಾತಿನಲ್ಲೇ. ಮಗನ ಬಾಯಲ್ಲೋ ಕೆಂಪು, ಹಳದಿ ಬಿಟ್ಟರೆ ಮೂರನೆಯದಿಲ್ಲ. “ನಿನ್ನ ಗುಡ್ಡ ಕೇಳಿ ಕೇಳಿ ಸಾಕಾಯ್ತು ಕಣೋ, ಬಂದವರು ಏನಂದ್ರು ಹೇಳು” ಎನ್ನುತ್ತಾಳೆ. ಇಂದು ಅತಿಥಿಯ ಹೆಂಡತಿ, ಬಸ್ಸಿಗೆ ಓಡುವ ಅವಸರದಲ್ಲೂ ತಿರುಗಿ ನಿಂತು ಒಂದು ಮಾತು ಹೇಳಿಹೋದಳು. ಯಜಮಾನರು ಅದು ಮರೆತುಹೋಗದಂತೆ ಗೊಣಗಿಕೊಳ್ಳುತ್ತಲೇ ಹಿತ್ತಲಿಗೆ ಬಂದರು. “ಅಮ್ಮಾ, ಯಾರೋ ಹೊಸ ಬಟ್ಟೆಗಳನ್ನೆಲ್ಲ ಒಟ್ಟಿಗೆ ನೆನೆಹಾಕಿ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿಸಿ, ಹಿಂಡದೆ ಹಾಗೇ ಹರವಿದ ಹಾಗಿದೆಯಂತೆ.” ಮುದುಕಿ ಮುಖವೆತ್ತಿ ಗುಡ್ಡದ ಕಡೆಗೆ ತಿರುಗಿದಳು. ಆಮೇಲೆ ನಕ್ಕಳು. “ಹಿಂಡದೇನೇ? ಎಂಥ ಸೋಮಾರಿ ಸೊಸೆಯೋ ಅವಳು!” ಎಂದು ಬಕೆಟ್ಟಿನಿಂದ ಅತಿಥಿಗಳ ಒದ್ದೆ ಚಾದರವನ್ನೆಳೆದು, ಒಂದು ತುದಿಯನ್ನು ಮಗನ ಕೈಗೆ ಕೊಟ್ಟು, ಇನ್ನೊಂದನ್ನು ತಾನೇ ಹಿಡಿದು ಹಿಂಡತೊಡಗಿದಳು.