ಸೊಂಟದ ಪಟದಲ್ಲಿ ಒಂದು ಎಳೆ

ಲಟಕ್, ಪಟಕ್. ಬೆಳಕು ಹರಿಯುವ ಮುಂಚೆಯೇ ಪಕ್ಕದ ಮನೆಯ ಮಗ್ಗ ಶುರುವಾಗುತ್ತಿತ್ತು. ಆಮೇಲೆ ಎದುರು ಮನೆಯದು, ಆಮೇಲೆ ಬೀದಿಯ ಕೊನೆಯದು. ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಐದು ತಿಂಗಳಿಂದ ಸದ್ದಿಲ್ಲದೆ ನಿಂತಿದ್ದದ್ದು ಸೊಣ್ಣಮ್ಮನ ಮಗ್ಗವೊಂದೇ. ಅವಳು ಚಾಪೆಯ ಮೇಲೆ ಅಂಗಾತ ಮಲಗಿ ಕೇಳಿಸಿಕೊಳ್ಳುತ್ತಿದ್ದಳು. ತಾಳ ತಪ್ಪಿದರೆ ಎಲ್ಲೋ ಎಳೆ ಹರಿಯಿತೆಂದು ಗೊತ್ತಾಗುತ್ತಿತ್ತು. ಹೊದಿಕೆಯೊಳಗೆ ಎಡಗಾಲಿನ ಹೆಬ್ಬೆರಳು ಅಲ್ಲಿಲ್ಲದ ಮಗ್ಗದ ತುಳಿಹಲಗೆಯನ್ನು ಅದುಮುತ್ತಿತ್ತು.

ಮದುವೆಯಾಗಿ ಈ ಮನೆಗೆ ಬಂದಾಗ ಅವಳಿಗೆ ಹದಿನಾಲ್ಕು. ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಹೆಂಗಸರ ಪಾಲು, ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ನೇಯುವುದು ಗಂಡಸರ ಪಾಲು. ಗಂಡ ವೆಂಕಟರಾಯಪ್ಪ ಊಟಕ್ಕೆದ್ದ ಹೊತ್ತಿನಲ್ಲಿ ಅವಳು ಕದ್ದು ಮಗ್ಗದಲ್ಲಿ ಕೂತು ನಾಲ್ಕು ಎಳೆ ಹೊಡೆಯುತ್ತಿದ್ದಳು. ಒಂದು ದಿನ ಅವನು ಚೊಂಬು ಹಿಡಿದು ಬಾಗಿಲಲ್ಲೇ ನಿಂತು ನೋಡಿದ. ಬೈಯಲಿಲ್ಲ. "ನನಗಿಂತ ಬಿಗಿಯಾಗಿ ಬಡೀತೀಯಲ್ಲೇ" ಅಂದ, ಅಷ್ಟೆ.

ಅವನು ತೀರಿಕೊಂಡಾಗ ಮಗ್ಗ ಮಾರಿಬಿಡು ಅಂದವರೇ ಎಲ್ಲರೂ. ಸೊಣ್ಣಮ್ಮ ತಿಂಗಳು ಕಳೆದದ್ದೇ ಸೆರಗು ಸಿಕ್ಕಿಸಿ ಗುಂಡಿಗೆ ಕಾಲಿಳಿಬಿಟ್ಟಳು. ತುಳಿಯುವ ಹಲಗೆಗಳಲ್ಲಿ ಅವನ ಪಾದ ಸವೆಸಿದ ಎರಡು ತಗ್ಗುಗಳಿದ್ದವು. ಅವಳ ಪಾದ ಚಿಕ್ಕದು. ತಗ್ಗಿನಲ್ಲಿ ಇನ್ನೂ ಜಾಗ ಉಳಿಯುತ್ತಿತ್ತು. ಒಂಬತ್ತು ವರ್ಷ ಆ ಉಳಿದ ಜಾಗದ ಪಕ್ಕದಲ್ಲೇ ಕಾಲಿಟ್ಟು ನೇಯ್ದಳು.

ಸಾವಿರದ ಒಂಬೈನೂರ ನಲವತ್ತಾರರ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಗೆ ಜಾರಿ ಬಿದ್ದು ಎಡಗಡೆಯ ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕೊಯ್ದು ಉಕ್ಕಿನ ಮೊಳೆ ಹೊಡೆದರು. ಅಲ್ಲಿ ಎಕ್ಸ್-ರೇ ತೆಗೆಯುತ್ತಿದ್ದ ಜಾಫರ್ ಅವಳ ಊರಿನವನೇ. ಎರಡನೆಯ ಸಲ ಹೋದಾಗ ಅವನು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ್ದ.

"ನೋಡು ಸೊಣ್ಣಕ್ಕ, ಬೆಳ್ಳಗಿರೋದು ಮೂಳೆ. ಅದಕ್ಕಿಂತ ಬೆಳ್ಳಗಿರೋದು ಮೊಳೆ. ಅಡ್ಡಕ್ಕೆ ಕಪ್ಪು ಗೆರೆ ಐತಲ್ಲ, ಅದು ಮುರಿದ ಜಾಗ. ಗೆರೆ ಮಾಸೋವರೆಗೂ ಕಾಲೂರಂಗಿಲ್ಲ."

"ಮಾಸಿದ ಮೇಲೆ?"

"ಮಾಸಿದ ಮೇಲೆ ನಿನ್ನ ಮಗ್ಗ, ನೀನು."

ಅಂದಿನಿಂದ ಅವಳಿಗೆ ಕಣ್ಣು ಮುಚ್ಚಿದರೆ ಆ ಗೆರೆಯೇ.

ಮೂರನೆಯ ಸಲ ಹೋದದ್ದು ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ, ನಾದಿನಿ ಪಿಳ್ಳಮ್ಮನ ಹೆಗಲು ಹಿಡಿದುಕೊಂಡು. ಪಿಳ್ಳಮ್ಮ ವೆಂಕಟರಾಯಪ್ಪನ ತಂಗಿ. ಅವಳ ಕೈ ಎಷ್ಟು ಉಪಕಾರಿಯೋ ನಾಲಗೆ ಅಷ್ಟೇ ಚೂಪು.

ಮೈಮೇಲಿನ ಒಡವೆ, ಪಿನ್ನು, ಉಡಿದಾರ ಎಲ್ಲ ತೆಗೆಯಬೇಕೆಂದು ನರ್ಸಮ್ಮ ಹೇಳಿದಳು. ಸೊಣ್ಣಮ್ಮ ಒಂದನ್ನು ಬಿಟ್ಟು ಎಲ್ಲವನ್ನೂ ತೆಗೆದಳು.

ಪಟ ತೊಳೆದು ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಟ್ಟರು.

"ಇದೇನು ಜಾಫರ್? ಇಲ್ಲಿ, ಕೀಲಿನ ಮೇಲೆ?"

ಮೊಳೆಯ ತಲೆಯ ಹತ್ತಿರ ಕೂದಲಿನಷ್ಟು ಸಣ್ಣ ಬಿಳಿ ಗೆರೆಯೊಂದು ಬಾಗಿ ಹಾದುಹೋಗಿತ್ತು. ಹಿಂದಿನ ಪಟದಲ್ಲಿ ಅದು ಇರಲಿಲ್ಲ.

"ಮೊಳೆಗೆ ದಾರಿ ಮಾಡಲು ಹಾಕಿದ ತಂತಿಯ ಚೂರು ಒಳಗೇ ಉಳಿದಿರಬೇಕು. ಈಗ ಸರಿದು ಬಂದಿದೆ. ಕೀಲಿನೊಳಕ್ಕೆ ಹೋದರೆ ಕಷ್ಟ," ಎಂದು ಡಾಕ್ಟರು ಪಿಳ್ಳಮ್ಮನ ಕಡೆ ತಿರುಗಿದರು. "ಮತ್ತೆ ಕೊಯ್ದು ತೆಗೆಯಬೇಕಾಗುತ್ತೆ. ಇವತ್ತೇ ಸೇರಿಸಿ. ಆಮೇಲೆ ಇನ್ನೊಂದು ಆರು ತಿಂಗಳು ಹಾಸಿಗೆ."

"ಅಯ್ಯೋ ಶಿವನೇ," ಎಂದು ಪಿಳ್ಳಮ್ಮ ಬಾಯಿಗೆ ಕೈ ಹಚ್ಚಿದಳು.

ಸೊಣ್ಣಮ್ಮ ಮುಂದಕ್ಕೆ ಬಾಗಿದಳು. ಪಟವನ್ನೇ ನೋಡಿದಳು. ಆ ಗೆರೆ ತಂತಿಯ ಹಾಗೆ ಸೆಟೆದಿರಲಿಲ್ಲ. ಎರಡೆಳೆ ಒಂದಕ್ಕೊಂದು ಹೊಸೆದುಕೊಂಡಿದ್ದವು. ನಡುವೆ ಸಾಸಿವೆ ಕಾಳಿಗಿಂತ ಸಣ್ಣದಾದ ಒಂದು ಗಂಟು, ಬಾಲವೊಂದು ಎಡಕ್ಕೆ ಚಾಚಿತ್ತು. ವೆಂಕಟರಾಯಪ್ಪ ಎಡಚ. ಬೀದಿಯಲ್ಲಿ ಬೇರೆ ಯಾರ ಗಂಟೂ ಆ ಕಡೆಗೆ ಬಾಲ ಬಿಡುತ್ತಿರಲಿಲ್ಲ.

ಅವನು ಕೊನೆಯದಾಗಿ ನೇಯ್ದ ಸೀರೆಗೆ ಬಳಸಿ ಮಿಕ್ಕ, ಅವನೇ ಗಂಟು ಹಾಕಿದ್ದ ಬೆಳ್ಳಿ ಜರಿಯ ಎಳೆ ಅದು. ಗಂಡ ಸತ್ತವಳು ಮೈಮೇಲೆ ಜರಿ ಹಾಕಬಾರದು. ಹಾಗಾಗಿ ಯಾರಿಗೂ ಕಾಣದಂತೆ ಸೊಂಟಕ್ಕೆ ಕಟ್ಟಿಕೊಂಡಿದ್ದಳು. ಕೊಯ್ಯುವ ದಿನ ಎಲೆಯಡಿಕೆ ಚೀಲದೊಳಗೆ ಬಚ್ಚಿಟ್ಟು, ಮನೆಗೆ ಬಂದಮೇಲೆ ಮತ್ತೆ ಕಟ್ಟಿಕೊಂಡಿದ್ದಳು. ಹಿಂದಿನ ಸಲ ಪಟಕ್ಕೆ ಸಿಗದಷ್ಟು ಮೇಲಿದ್ದದ್ದು, ಮಲಗಿ ಮಲಗಿ ಮೈ ಬಡವಾಗಿ ಈಗ ಕೀಲಿನವರೆಗೆ ಕೆಳಕ್ಕೆ ಜಾರಿತ್ತು.

ಹೇಳಿದರೆ ಪಿಳ್ಳಮ್ಮನಿಗೆ ತಿಳಿಯುತ್ತದೆ. ಅವಳಿಗೆ ತಿಳಿದರೆ ಬೀದಿಗೆ ತಿಳಿಯುತ್ತದೆ. ಹೇಳದಿದ್ದರೆ ಆರು ತಿಂಗಳು.

"ತಂತಿಯಲ್ಲ ಸ್ವಾಮಿ," ಅಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಜರಿ. ನನ್ನ ಮೈಮೇಲೈತೆ."

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಜಾಫರ್ ನಗು ತಡೆಯಲು ಗೋಡೆಯ ಕಡೆ ತಿರುಗಿ, "ಅಲ್ಲಕ್ಕಾ, ಇನ್ನೊಂದು ಗಳಿಗೆ ಸುಮ್ಮನಿದ್ದಿದ್ರೆ ದಾರಕ್ಕೋಸ್ಕರ ಚಾಕು ಹಾಕಿಸ್ಕೊತಿದ್ದೆಯಲ್ಲ!" ಅಂದ.

ಪರದೆಯ ಹಿಂದೆ ಗಂಟು ಬಿಚ್ಚಲು ಸೊಣ್ಣಮ್ಮನ ಬೆರಳು ಬರಲಿಲ್ಲ. ಗಂಡ ಹಾಕಿದ ಗಂಟನ್ನು ಮುಟ್ಟದೆ, ತಾನು ಕಟ್ಟಿದ ತುದಿಯನ್ನಷ್ಟೇ ಬಿಡಿಸಿ ಪಿಳ್ಳಮ್ಮನ ಅಂಗೈಗೆ ಹಾಕಿದಳು. ಬೈಗುಳಕ್ಕೆ ಕಾದಳು.

ಪಿಳ್ಳಮ್ಮ ಎಳೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದಳು. "ನಮ್ಮಣ್ಣಂದೇ," ಅಂದಳು. ಆಮೇಲೆ ಗಂಟಿನ ಮೇಲೆ ಬೆರಳಾಡಿಸುತ್ತ, "ಕಳ್ಳಿ. ನನಗೊಂದು ಗೇಣು ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅತ್ತಿಗೆ?"

ಸೊಣ್ಣಮ್ಮ ಎಳೆ ಒಳಗಿದ್ದಂತೆಯೇ ಅವಳ ಬೆರಳುಗಳನ್ನು ಮಡಿಸಿ ಮುಚ್ಚಿದಳು.

ಇನ್ನೊಂದು ಪಟ ತೆಗೆದರು. ಅದು ತೊಳೆದು ಬರುವವರೆಗೆ ಇಬ್ಬರೂ ಬೆಂಚಿನ ಮೇಲೆ ಕೂತರು. ಜಾಫರ್ ನೀರಿಳಿಯುತ್ತಿದ್ದ ಪಟವನ್ನು ಡಾಕ್ಟರಿಗೂ ಮುಂಚೆ ಅವಳ ಕಡೆ ಹಿಡಿದ. ಮೂಳೆಯಿತ್ತು, ಮೊಳೆಯಿತ್ತು. ಅಡ್ಡ ಗೆರೆಯನ್ನು ಅವಳು ಹುಡುಕಿದಳು. ಹೊಗೆಯಂಥ ಒಂದು ಮಸುಕು ಬಿಟ್ಟರೆ ಏನೂ ಇರಲಿಲ್ಲ. ಐದು ತಿಂಗಳು ಕಾದದ್ದು ಇದಕ್ಕೇ. ಆದರೆ ಆ ಬರಿಯ ಪಟದಲ್ಲಿ ಅವಳ ಕಣ್ಣು ಗೆರೆಯನ್ನು ಬಿಟ್ಟು ಇನ್ನೇನನ್ನೋ ಅರಸಿತು.

"ಕೂಡಿಕೊಂಡಿದೆ," ಎಂದರು ಡಾಕ್ಟರು. "ಕೋಲು ಹಿಡಿದು ಕಾಲೂರಿ. ಮೊದಲ ವಾರ ಮನೆಯೊಳಗೆ ಮಾತ್ರ. ಮಗ್ಗದ ವಿಚಾರ ಮುಂದಿನ ಸಲ ನೋಡೋಣ."

ಸೊಣ್ಣಮ್ಮ ಕೈಮುಗಿದು, ಜಾಫರ್ ತಂದುಕೊಟ್ಟ ಕೋಲು ಹಿಡಿದಳು. ಎಡಗಾಲನ್ನು ಮೆಲ್ಲಗೆ ನೆಲಕ್ಕಿಟ್ಟಳು. ನೆಲ ತಣ್ಣಗಿತ್ತು. ಭಾರ ಬಿಟ್ಟಳು. ಕಾಲು ತಡೆದುಕೊಂಡಿತು.

"ನಿಂತ್ಕೋ ಅತ್ತಿಗೆ, ಜಟಕಾ ಕರೀತೀನಿ. ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ? ಮುಂದಿನ ಸಲ ಅಂದ್ರು."

"ಕೇಳಿಸ್ತು ಕಣೇ, ಕಿವಿಗೇನು ಮೊಳೆ ಹೊಡ್ದಿಲ್ಲ. ಮೂರರ ಬಸ್ಸು ಸಿಕ್ಕಿದ್ರೆ ಬೆಳಕಿರೋವಾಗ್ಲೇ ಮನೆ ಸೇರ್ಬೋದು. ನೇಯೋದು ಬೇಡ, ಸುಮ್ನೆ ಮಗ್ಗದಲ್ಲಿರೋ ಹಾಸಿನೆಳೆ ಮೇಲಿನ ಧೂಳು ಒರೆಸಿ, ಹರಿದ ಎಳೆಗೆ ಗಂಟು ಹಾಕಿ, ಹಲಗೆ ಮೇಲೆ ಕಾಲಿಟ್ಟು ಬರೀ ಒಂದೇ ಒಂದು ಸಲ..." ಎನ್ನುತ್ತ, ಮಾತನ್ನು ಅಲ್ಲಿಗೇ ಬಿಟ್ಟು, ಅವಳು ಕೋಲೂರಿಕೊಂಡು ಬಾಗಿಲ ಕಡೆ ನಡೆದುಬಿಟ್ಟಳು.