ತಲೆ ತಗ್ಗಿಸಿದ ಪಿಕಪ್

ನಮ್ಮ ಬೀದಿಯ ಟೈಲ್ಸ್ ಮೇಸ್ತ್ರಿಯನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು. ನೆಲದ ಏರಿಳಿತ ತೋರಿಸುವ ಆ ಉಪಕರಣ ಅವರ ಕೈಬಿಟ್ಟು ಇರುತ್ತಿದ್ದುದೇ ಅಪರೂಪ. ಅದನ್ನೂ ಅವರು ಸುಮ್ಮನೆ ನಂಬುತ್ತಿರಲಿಲ್ಲ. ಒಮ್ಮೆ ಇಟ್ಟು ನೋಡಿ, ಬಲದ ತುದಿ ಎಡಕ್ಕೆ ಬರುವಂತೆ ತಿರುಗಿಸಿ ಮತ್ತೆ ನೋಡುವರು. ಗಾಜಿನೊಳಗಿನ ಗುಳ್ಳೆ ಎರಡು ಸಲವೂ ನಡುವೆಯೇ ನಿಂತರೆ ಮಾತ್ರ ಒಪ್ಪಿಗೆ.

೨೦೧೧ರ ಮಾರ್ಚ್ ೧೪ರಂದು ಅವರು ತಮ್ಮ ಭಾವಮೈದುನನ ಹಳೆಯ ಪಿಕಪ್ ಕೊಂಡರು. ಅಂದು ಸೋಮವಾರ, ಮಂಗಳವಾರವೆಂದು ಹೇಳುವವರಿದ್ದಾರೆ, ಅದು ತಪ್ಪು. ಮರುದಿನ ಬೆಳಿಗ್ಗೆ, ತಾವೇ ಹಾಸಿದ್ದ ಅಂಗಳದ ನೆಲದ ಮೇಲೆ ನಿಂತಿದ್ದ ಗಾಡಿಗೆ ಅಳತೆಪಟ್ಟಿ ಹಿಡಿದರು. ಮುಂಭಾಗ ಹಿಂಭಾಗಕ್ಕಿಂತ ಎರಡು ಇಂಚು ತಗ್ಗಾಗಿತ್ತು.

"ತಪ್ಪು ಮಾಡಿದೋರ ಥರ ತಲೆ ತಗ್ಗಿಸಿ ನಿಂತಿದೆ ನೋಡು. ಎಲ್ಲೋ ಗುದ್ದಿ ತಂದಿದ್ದಾನೆ ನಿನ್ನ ತಮ್ಮ."

"ನನ್ನ ತಮ್ಮ ಅಂಥವನಲ್ಲ ರೀ," ಎಂದರು ಹೆಂಡತಿ.

"ಅದನ್ನ ಗಾಡಿ ಹೇಳ್ಬೇಕು, ನೀನಲ್ಲ."

ಅಂದಿನಿಂದ ಅವನ ಫೋನ್ ಬಂದರೆ ಎತ್ತುವಂತಿಲ್ಲ, ಅವನು ಮನೆಯ ಹೊಸಿಲು ತುಳಿಯುವಂತಿಲ್ಲ. ಆಕೆಗೆ ತವರೆಂದು ಉಳಿದಿದ್ದವನು ಅವನೊಬ್ಬನೇ. ಬಡಿಸುವಾಗ ಆಕೆ ಪಾತ್ರೆಯ ಸದ್ದು ಜೋರಾಗಿ ಮಾಡತೊಡಗಿದರು.

ಏಪ್ರಿಲ್ ೨, ಶನಿವಾರ, ಮುಂಭಾಗ ಎತ್ತಿಸಲೆಂದು ಮೇಸ್ತ್ರಿ ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು ಎರಡು ಬಗೆಯ ಲಿಫ್ಟ್ ಕಿಟ್ ಮುಂದಿಟ್ಟ. ಒಂದರಲ್ಲಿ ಮುಂದಿನ ಸ್ಪ್ರಿಂಗಿನ ಮೇಲೆ ಕೂರಿಸುವ ದಪ್ಪ ಬಿಲ್ಲೆಗಳು. ಇನ್ನೊಂದರಲ್ಲಿ ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್.

"ಬಿಲ್ಲೆ ಹಾಕಿದ್ರೆ ಸ್ಪ್ರಿಂಗ್ ಹಳೇದೇ ಅಲ್ವಾ? ಕುಳ್ಳನಿಗೆ ಎತ್ತರದ ಚಪ್ಪಲಿ ಹಾಕಿಸಿದ ಹಾಗಾಯ್ತು."

"ಹಾಗಾದ್ರೆ ಇನ್ನೊಂದು ತಗೊಳ್ಳಿ."

"ಅದನ್ನೇ ಮಾರೋಕೆ ಇದನ್ನ ಮೊದಲು ತೋರಿಸಿದ್ಯಾ?"

ಅಂಗಡಿಯವನು ನಕ್ಕ. "ಯಜಮಾನ್ರೇ, ಹೊರೆ ಹಾಕಿ ಅಳತೆ ನೋಡಿದ್ರಾ? ಹೊರೆ ಬಿದ್ರೆ ಹಿಂದುಗಡೆ ಇಳಿಯುತ್ತೆ. ಅದಕ್ಕೇ ಹಿಂದೆ ಎತ್ತರ ಇಟ್ಟೇ ಮಾಡಿರ್ತಾರೆ. ಮುಂದೂ ಎತ್ತಿಸಿ ಟೈಲ್ಸ್ ತುಂಬಿದ್ರೆ ಮೂತಿ ಆಕಾಶ ನೋಡುತ್ತೆ. ಹೆಡ್‌ಲೈಟ್ ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ."

ಮಾರಲು ಕುಳಿತವನು ಬೇಡವೆನ್ನುವುದೇ? ಇವನೂ ಭಾವಮೈದುನನ ಕಡೆಯವನೇ ಇರಬೇಕು. ಮೇಸ್ತ್ರಿ ಕಿಟ್ ಕೊಳ್ಳದೆ ಗಾಡಿ ತಿರುಗಿಸಿದರು.

ಆದರೂ ಅನುಮಾನ ಬಿಡಲಿಲ್ಲ. ಮನೆ ಮುಂದೆ ಟೈಲ್ಸ್ ಪೆಟ್ಟಿಗೆಗಳನ್ನು ತಾವೇ ಹೊತ್ತು ಪಿಕಪ್ಪಿಗೆ ತುಂಬಿದರು. ಹಿಂಭಾಗ ನಿಧಾನವಾಗಿ ಕುಸಿಯಿತು. ಗಾಡಿಯ ಬಾಗಿಲ ಕೆಳಗಿನ ಪಟ್ಟಿಯ ಮೇಲೆ ರಸಮಟ್ಟವಿಟ್ಟರು, ಗುಳ್ಳೆ ನಟ್ಟನಡುವೆ. ತಿರುಗಿಸಿ ಇಟ್ಟರು; ಅಲ್ಲೇ. ಬದುಕಿಡೀ ನೆಲ ಅಳೆದವರು ಅವರು. ಹೊತ್ತಾಗ ಒಂದು ಮಟ್ಟ, ಇಳಿಸಿದಾಗ ಇನ್ನೊಂದು ಮಟ್ಟ ಎಂಬುದು ನೆಲಕ್ಕಿಲ್ಲ, ಗಾಡಿಗಿದೆ. ಉಪಕರಣವನ್ನು ಎರಡು ಸಲ ನೋಡುತ್ತಿದ್ದ ಅವರು ಭಾವಮೈದುನನನ್ನು ಒಂದೇ ಸಲ ನೋಡಿ ತೀರ್ಮಾನಿಸಿದ್ದರು.

ಹೊಸಿಲಲ್ಲಿ ನಿಂತಿದ್ದ ಹೆಂಡತಿ ಕೇಳಿದರು: "ಗಾಡಿ ಏನಂತೆ?"

ಮೇಸ್ತ್ರಿ ಭಾವಮೈದುನನಿಗೆ ಫೋನ್ ಮಾಡಿದರು. "ಹೊರೆ ಹಾಕಿದ್ರೆ ಸರಿಹೋಗುತ್ತೆ ಅಂತ ಮೊದಲೇ ಹೇಳೋಕೇನಾಗಿತ್ತೋ ನಿಂಗೆ?"

"ನೀವು ಫೋನ್ ಎತ್ತಿದ್ರೆ ತಾನೇ ಭಾವ?"

"ಈಗ ನಾನೇ ಮಾಡಿದ್ದೀನಲ್ಲ. ನಾಳೆ ಊಟಕ್ಕೆ ಬಾ."

ಭಾನುವಾರ ಅವನು ಬಂದ. ಆರಡಿ ಮೀರಿದ ಆಳು, ಕತ್ತು ಬಗ್ಗಿಸಿಕೊಂಡೇ ಒಳಗೆ ಕಾಲಿಟ್ಟ. ಮೇಸ್ತ್ರಿಯ ಹುಬ್ಬು ಮೇಲೇರಿತು.

"ತಲೆ ಯಾಕೋ ತಗ್ಗಿಸ್ತೀಯ?"

"ನಿಮ್ಮ ಬಾಗಿಲು ಗಿಡ್ಡ, ಭಾವ."

ಮೇಸ್ತ್ರಿ ಎದ್ದು ಹೋಗಿ ಬಾಗಿಲನ್ನು ಅಳೆದು ಬಂದರು, ಆರಡಿಗೂ ಗಿಡ್ಡವೇ. ಆಮೇಲೆ, ಹೆಂಡತಿ ಹಾಕಿದ್ದ ಎಲೆಯ ಮುಂದೆ ಅವನ ಪಕ್ಕದಲ್ಲೇ ಕುಳಿತರು.