ಸಾಕತ್ತೆಯ ಕಣ್ಣು

ಆಗೆಲ್ಲ ನಮ್ಮ ಕಡೆ ರೇಷ್ಮೆ ಹುಳುವಿಗೆಂದು ಬೇರೆ ಮನೆ ಕಟ್ಟುವ ರೂಢಿ ಇರಲಿಲ್ಲ. ಹಲಗೂರಿನಿಂದ ಮೂರು ಮೈಲಿ ಆಚೆಗಿನ ನಮ್ಮೂರಿನಲ್ಲಿ ಹುಳು ತಂದವರು ನಡುಮನೆಯನ್ನು ಅವಕ್ಕೆ ಬಿಟ್ಟುಕೊಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ಒಂದು ತಿಂಗಳು ಮನೆಯ ಯಜಮಾನಿಕೆ ಹುಳುವಿನದೇ. ಒಗ್ಗರಣೆಯ ಘಾಟು ಏಳಬಾರದು, ಅಪ್ಪ ಬೀಡಿ ಸೇದಬೇಕಾದರೆ ಬೇಲಿ ದಾಟಬೇಕು, ಸೊಳ್ಳೆ ಬತ್ತಿಯನ್ನಂತೂ ಹಚ್ಚುವಂತೆಯೇ ಇಲ್ಲ. ಅದರ ಹೊಗೆ ತಾಕಿದರೆ ಹುಳು ಉಳಿಯುವುದಿಲ್ಲ ಎಂಬುದು ಊರಿನ ಮಕ್ಕಳಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು ಎಂದು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ನುಣುಚಿಕೊಳ್ಳುವ ಆಸೆ ಬರಬಾರದು ನೋಡಿ.

ನಾನಾಗ ಏಳನೇ ಕ್ಲಾಸು. ಸಂಕ್ರಾಂತಿ ಮುಗಿದು, ಅವರೆಕಾಯಿಯ ಸೊಗಡು ಇನ್ನೂ ಅಡುಗೆಮನೆಯಲ್ಲಿದ್ದ ದಿನಗಳು. ಅವ್ವ ಮತ್ತು ಪಕ್ಕದ ಮನೆಯ ಸಾಕಮ್ಮ ಮುಯ್ಯಾಳು ಮಾಡಿಕೊಳ್ಳುತ್ತಿದ್ದರು: ಇವಳ ಹುಳುವಿಗೆ ಅವಳು ಸೊಪ್ಪು ಕೊಯ್ಯುವುದು, ಅವಳ ಹುಳುವಿಗೆ ಇವಳು. ನಾನು ಆಕೆಯನ್ನು ಸಾಕತ್ತೆ ಅನ್ನುತ್ತಿದ್ದೆ. ಉಪ್ಸಾರಿನ ಬಟ್ಟಲೊಂದು ಎರಡು ಮನೆಗಳ ನಡುವೆ ಓಡಾಡುತ್ತಲೇ ಇತ್ತು. ಅದು ಯಾರ ಮನೆಯದೆಂದು ಇಬ್ಬರಿಗೂ ಮರೆತಿತ್ತು. ಆಕೆಯ ಮಗಳು ಸುಮ ನನ್ನ ಓರಗೆಯವಳು. ಮೈ ಹಳದಿಯಾಗಿ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು 'ಹಣ್ಣು' ಅನ್ನುತ್ತಾರೆ. ಯಾರು ಹೆಚ್ಚು ಹಣ್ಣು ಆರಿಸುತ್ತಾರೆ ಎಂದು ನಮ್ಮಿಬ್ಬರಿಗೂ ಪೈಪೋಟಿ. ಅವ್ವ ಬಾಯ್ತುಂಬ ನಗುತ್ತಿದ್ದದ್ದು ಅಪ್ಪನ ಹತ್ತಿರ ಅಲ್ಲ, ಸಾಕತ್ತೆಯ ಹತ್ತಿರ.

ಆ ಸಲ ನಮ್ಮ ಹುಳು ಹಣ್ಣಾಗಲು ಮೂರೋ ನಾಲ್ಕೋ ದಿನ ಇತ್ತು. ಮಧ್ಯಾಹ್ನ ಅತ್ತೆ ಸೊಪ್ಪಿನ ಹೊರೆ ಇಳಿಸಿ, ಹುಳುವಿನ ತಟ್ಟೆಗಳ ಮೇಲೆ ಬಗ್ಗಿ, ತಮ್ಮ ಬೆರಳಿನಷ್ಟು ದಪ್ಪ ಇವೆಯಲ್ಲ ಎಂದು ಹಿಗ್ಗಿ ಹೋದರು. ಸಂಜೆ ಅಪ್ಪ ಅವ್ವ ಮತ್ತೆ ತೋಟಕ್ಕೆ ಹೋದಾಗ ನಾನು ಹಿತ್ತಿಲ ಬಾಗಿಲಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ. ಗದ್ದೆಯ ಸೊಳ್ಳೆಗಳಿಗೆ ಕಾಲು ಕೆರೆದು ಕೆರೆದು ಸಾಕಾಯಿತು. ಗೋಡೆಯ ಮಾಡದ ಮೂಲೆಯಲ್ಲಿ ಹಳೆಯ ಸೊಳ್ಳೆ ಬತ್ತಿಯ ತುಂಡೊಂದು ಬಿದ್ದಿತ್ತು. ಬೆರಳುದ್ದದ್ದು, ಅದೂ ಹೊರಗೆ, ಏನಾದೀತು ಎಂದುಕೊಂಡು ಹಚ್ಚಿದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಲಿಲ್ಲ.

ಬೆಳಿಗ್ಗೆ ಹುಳುಗಳು ತಲೆ ಎತ್ತಿ ಹೊರಳಾಡುತ್ತ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನದೊಳಗೆ ಸೊಪ್ಪು ತಿನ್ನುವ ಸದ್ದು ಪೂರ್ತಿ ನಿಂತಿತು. ಅವ್ವ ತಟ್ಟೆಯ ಪಕ್ಕ ಕೂತವಳು ಏಳಲೇ ಇಲ್ಲ. ಅಪ್ಪ ನನ್ನ ಕಡೆ ತಿರುಗಿದ.

"ನೆನ್ನೆ ಒಳೀಕೆ ಯಾರ್ ಬಂದಿದ್ರವ್ವ?"

"ಸಾಕತ್ತೆ ಬಂದಿದ್ರು," ಅಂದೆ. "ಎಷ್ಟ್ ದಪ್ಪ ಆಗವೆ ಅಂತ ನೋಡ್ತಿದ್ರು."

ಒಂದಕ್ಷರವೂ ಸುಳ್ಳಲ್ಲ. ಬೆಳೆದ ಹುಳುವನ್ನು ಬಾಯಿಬಿಟ್ಟು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಊರೆಲ್ಲ ನಂಬಿತ್ತು. ಅದು ಗೊತ್ತಿದ್ದೇ ಎರಡನೇ ಮಾತು ಸೇರಿಸಿದೆ. ಸಂಜೆಯೊಳಗೆ ಊರು ತೀರ್ಮಾನ ಮಾಡಿ ಆಗಿತ್ತು. ಅವ್ವ ಎರಡು ದಿನ ಗೆಳತಿಯ ಪರವಾಗಿ ವಾದ ಮಾಡಿದಳು, ಮೂರನೇ ದಿನ ಸುಮ್ಮನಾದಳು. ಆಮೇಲೊಮ್ಮೆ ಅತ್ತೆ ಬಟ್ಟಲು ಹಿಡಿದು ಬಂದಾಗ ಹೊಸಿಲ ಬಳಿಯೇ ಇಸಿದುಕೊಂಡಳು, ಒಳಗೆ ಬಾ ಅನ್ನಲಿಲ್ಲ. ಅತ್ತೆ ಮತ್ತೆ ಬರಲಿಲ್ಲ. ಅಪ್ಪನ ಕೈಯಲ್ಲಿ ನಾಲ್ಕು ಏಟು ತಿಂದಿದ್ದರೆ ಮುಗಿಯುತ್ತಿದ್ದ ವಿಷಯ ಅದು.

ಎಷ್ಟೋ ವರ್ಷ ನನಗೆ ನಾನೇ ವಕೀಲಳಾಗಿದ್ದೆ. ಅಪ್ಪನ ಸಿಟ್ಟು, ಊರಿನ ಮೂಢನಂಬಿಕೆ, ನನ್ನ ವಯಸ್ಸು, ಹೀಗೆ ವಾದಕ್ಕೇನೂ ಕೊರತೆ ಇರಲಿಲ್ಲ. ಈಗ ಮಳವಳ್ಳಿಯ ಒಂದು ಶಾಲೆಯಲ್ಲಿ ಟೀಚರು. ತಪ್ಪು ಮಾಡಿದವರು ತಾವಾಗೇ ಎದ್ದು ನಿಲ್ಲಿ ಎಂದು ಮಕ್ಕಳಿಗೆ ಹೇಳುವಾಗ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ, ಅಷ್ಟೇ. ಅವ್ವ ತೀರಿಕೊಂಡು ವರ್ಷ ತುಂಬಿದ ಮೇಲೆ ಒಂದು ಭಾನುವಾರ ಮದ್ದೂರಿಗೆ ಹೋದೆ. ಸಾಕತ್ತೆ ಅಲ್ಲಿ ಸುಮಳ ಮನೆಯಲ್ಲಿದ್ದಾರೆ. ಹುಣಸೆಹಣ್ಣು ಬಿಡಿಸುತ್ತ ಕೂತಿದ್ದವರ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದೆ. ನಿಜ ಹೇಳಬೇಕೆಂದರೆ, ಬೈಸಿಕೊಂಡು ಹಗುರಾಗೋಣ ಎಂಬ ಸ್ವಾರ್ಥಕ್ಕೇ ಹೋಗಿದ್ದೆ.

ಅತ್ತೆ ಬೈಯಲಿಲ್ಲ. ಕೈ ಮಾತ್ರ ನಿಂತಿತು.

"ಊರ್ನೋರು ಅಂದ್ರೆ ಅನ್ಕಳ್ಳಿ ಬುಡು. ನಾನೂ ಅಂಗೇ ನಂಬ್ಬುಟ್ಟಿದ್ದೆ ಕಣವ್ವ. ನನ್ ಕಣ್ಣೇ ಸರೀಗಿಲ್ಲ ಅನ್ಕಂಡಿದ್ದೆ. ಸುಮಂಗೆ ಮಗ ಉಟ್ದಾಗ ಮೂರ್ ತಿಂಗ್ಳು ಅದ್ರ ಮೊಕ ನೋಡ್ಲಿಲ್ಲ. ನೀರುಯ್ಯಕ್ಕೂ ಬ್ಯಾರೆಯೋರ್ನ ಕರ್ಸ್ದೆ."

ಅವ್ವನ ಗೆಳತಿಯನ್ನು ದೂರ ಮಾಡಿದೆ ಎಂದಷ್ಟೇ ನಾನು ನನ್ನ ತಪ್ಪನ್ನು ಅಳೆದುಕೊಂಡಿದ್ದೆ. ಆ ಮೂರು ತಿಂಗಳು ನನ್ನ ಅಳತೆಗೆ ಬಂದಿರಲೇ ಇಲ್ಲ. ನನಗೆ ಅಳು ಬಂತು; ಅಳುವ ಹಕ್ಕು ನನ್ನದಲ್ಲ ಅನ್ನಿಸಿ ತಡೆದುಕೊಂಡೆ.

ಆಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ನಿಮ್ಮವ್ವಂಗೆ ಗೊತ್ತಿತ್ತಾ?"

ಕೊನೆಗಾಲದಲ್ಲಿ ಗೊತ್ತಾಗಿತ್ತು ಅಂದುಬಿಡಬಹುದಿತ್ತು. ಆ ಮುದಿಜೀವಕ್ಕೆ ಎಷ್ಟು ಸಮಾಧಾನವಾಗುತ್ತಿತ್ತೋ.

"ಇಲ್ಲತ್ತೆ," ಅಂದೆ. "ನಾನು ಹೇಳ್ಲೇ ಇಲ್ಲ."

ಅವರು ತಲೆಯಾಡಿಸಿ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಅವ್ವನಿಗೆ ಜೀವಮಾನದಲ್ಲಿ ಇದ್ದದ್ದು ಒಬ್ಬಳೇ ಗೆಳತಿ. ಆಕೆಯನ್ನು ಅನುಮಾನಿಸಿಕೊಂಡೇ ಅವ್ವ ಹೋದಳು. ಅದನ್ನು ತಪ್ಪಿಸಲು ನನಗೆ ಮೂವತ್ತು ವರ್ಷ ಸಮಯವಿತ್ತು.